ಮುಂಭಾರದ ಹದ

ಬಾಗಿಲು ತೆಗೆದ ಭಾವ ಒಳಗೆ ಹತ್ತಲಿಲ್ಲ. ಸ್ಟೀರಿಂಗ್ ಮುಟ್ಟಲಿಲ್ಲ, ಸೀಟಿನ ಚರ್ಮ ಸವರಲಿಲ್ಲ. ಅರವತ್ತಾರರ ಮಂಡಿಯನ್ನು ಲಟಕ್ಕೆನ್ನಿಸಿಕೊಂಡು ಕುಕ್ಕರಗಾಲಲ್ಲಿ ಕೂತು, ಬಾಗಿಲ ಚೌಕಟ್ಟಿಗೆ ಅಂಟಿಸಿದ್ದ ಅಂಗೈಯಗಲದ ಚೀಟಿಯನ್ನು ಓದತೊಡಗಿದರು. ಅತ್ತ ಮಾರಾಟದ ಹುಡುಗ ಬಾನೆಟ್ ಎತ್ತಿ ಹಿಡಿದು, ಈ ಗಾಡಿ ಎಷ್ಟು ಸಾವಿರ ಪೌಂಡ್ ಎಳೆಯುತ್ತದೆ ಎಂದು ಹಾಡಿ ಹೊಗಳುತ್ತಿದ್ದ. ಭಾವ ತಲೆಯೆತ್ತದೆ ಕೇಳಿದ್ದು ಒಂದೇ ಮಾತು: "ಎಳೆಯೋದು ಇರಲಿ, ಹೊರೋದು ಎಷ್ಟು?"

ಒಹಾಯೊ ರಾಜ್ಯದ ಕೊಲಂಬಸ್ಸಿನಲ್ಲಿ ಮೂವತ್ತು ವರ್ಷ ನೌಕರಿ ಮಾಡಿ ನಿವೃತ್ತರಾದ ಭಾವನಿಗೂ ಅಕ್ಕನಿಗೂ ಗಾಲಿಯ ಮೇಲಿನ ಮನೆ ಕಟ್ಟಿಕೊಂಡು ಅಮೆರಿಕ ಸುತ್ತುವ ಹಂಬಲ. ಮನೆ ಆಗಲೇ ಗೊತ್ತಾಗಿತ್ತು. ಇಂಡಿಯಾನಾದ ಎಲ್ಕಾರ್ಟ್ ಎಂಬ ಊರಿನಲ್ಲಿ ಅದನ್ನು ನೋಡಿ ಒಪ್ಪಿಯೂ ಬಂದಿದ್ದರು. ಅಮೆರಿಕದ ಇಂಥ ಗಾಲಿಮನೆಗಳ ತವರು ಆ ಊರು, ಮತ್ತು ಅದರ ಸುತ್ತಮುತ್ತಲ ಕಾರ್ಖಾನೆಗಳು. ಈ ಮನೆಗಳ ಚರಿತ್ರೆಗೇ ಮೀಸಲಾದ ಒಂದು ವಸ್ತುಸಂಗ್ರಹಾಲಯವೂ ಅಲ್ಲಿದೆ. ಅವರು ಒಪ್ಪಿದ ಮನೆ ಮೂವತ್ತಾರು ಅಡಿ ಉದ್ದ, ಹಿಂದೆ ಅಡುಗೆಮನೆ, ಮುಂದೆ ಎರಡು ಮೆಟ್ಟಿಲು ಹತ್ತಿದರೆ ಮಲಗುವ ಕೋಣೆ. ಇನ್ನು ಅದನ್ನು ಎಳೆಯುವ ಪಿಕಪ್ ಆಗಬೇಕಿತ್ತು. ಬೇಸಿಗೆಗೆಂದು ಹೋಗಿದ್ದ ನಾನು ಅವರ ಬಾಲ ಹಿಡಿದು ಅಂಗಡಿ ಅಂಗಡಿ ಅಲೆದೆ. ಮದುವೆಗೆ ಸೀರೆ ತೆಗೆಯಲು ಹೋದವರ ಜತೆ ಹೋದ ಹಾಗೆ ಬೇಸರವಾದೀತು ಅಂದುಕೊಂಡಿದ್ದವನು, ಮೂರನೆಯ ದಿನಕ್ಕೆ ನಾನೇ ಕುಕ್ಕರಗಾಲಲ್ಲಿ ಕೂತು ಚೀಟಿ ಓದುತ್ತಿದ್ದೆ.

ಅವರ ಮನೆ ಮಾಮೂಲಿ ಟ್ರೇಲರ್ ಅಲ್ಲ, 'ಫಿಫ್ತ್ ವೀಲ್'. ಐದನೆಯ ಚಕ್ರ. ಆ ಹೆಸರು ಕೇಳಿದಾಗ ನಾನು ಮೊದಲು ಹುಡುಕಿದ್ದು ಆ ಐದನೆಯ ಚಕ್ರವನ್ನೇ. ಅದು ಕುದುರೆ ಸಾರೋಟಿನ ಕಾಲದ್ದು. ನಾಲ್ಕು ಗಾಲಿಯ ಸಾರೋಟು ತಿರುವಿನಲ್ಲಿ ಹೊರಳಬೇಕಾದರೆ ಮುಂದಿನ ಅಚ್ಚು ತಿರುಗಬೇಕು. ಅದಕ್ಕಾಗಿ ಅಚ್ಚಿನ ಮೇಲೆ ಅಡ್ಡಡ್ಡ ಮಲಗಿಸಿದ ಕಬ್ಬಿಣದ ಬಳೆಯೇ ಐದನೆಯ ಚಕ್ರ. ನೆಲ ಮುಟ್ಟದ, ದಾರಿ ಸವೆಸದ, ಉಳಿದ ನಾಲ್ಕಕ್ಕೂ ದಿಕ್ಕು ಬದಲಿಸಲು ಎಡೆ ಮಾಡಿಕೊಡುವ ಚಕ್ರ. ಸಾರೋಟು ಹೋಯಿತು, ಬಳೆ ಹೋಯಿತು, ಹೆಸರು ಮಾತ್ರ ಲಾರಿಗಳ ಬೆನ್ನೇರಿ ಉಳಿಯಿತು. 1914ರಲ್ಲಿ ಡೆಟ್ರಾಯಿಟಿನ ಕಮ್ಮಾರ ಆಗಸ್ಟ್ ಫ್ರೂಹಾಫ್ ಒಬ್ಬ ಮರದ ವ್ಯಾಪಾರಿಗೆ ಅವನ ದೋಣಿ ಸಾಗಿಸಲೆಂದು ಫೋರ್ಡ್ ಮಾಡೆಲ್-ಟಿ ಕಾರಿನ ಹಿಂದೆ ಕಟ್ಟುವ ಗಾಡಿ ಮಾಡಿಕೊಟ್ಟ. ಇವತ್ತು ಜಗತ್ತಿನ ಸರಕನ್ನೆಲ್ಲ ಹೊತ್ತು ತಿರುಗುವ ಸೆಮಿಟ್ರೇಲರುಗಳ ವಂಶದಲ್ಲಿ ಹೀಗೊಂದು ಶೋಕಿಯ ದೋಣಿಯೂ ಇದೆ.

ಅದೇ ಬಗೆಯನ್ನು ಮನೆಗೆ ತಂದವನು ವಿಮಾನ ನಿರ್ಮಾಪಕ ಗ್ಲೆನ್ ಕರ್ಟಿಸ್. 1920ರ ದಶಕದ ಕೊನೆಯಲ್ಲಿ ಅವನು 'ಏರೋಕಾರ್' ಎಂಬ ಗಾಲಿಮನೆ ಮಾಡಿದ. ಎಳೆಯುವ ಕಾರಿನ ಹಿಂಬದಿಯಲ್ಲಿ ವಿಮಾನದ ಟೈರೊಂದನ್ನು ಅಡ್ಡ ಮಲಗಿಸಿ, ಅದರ ನಡುವಿನ ತೂತಿಗೆ ಮನೆಯ ಮೂತಿಯ ಕೀಲು ಇಳಿಸಿಬಿಟ್ಟ. ರಸ್ತೆಯ ಕುಲುಕಾಟವೆಲ್ಲ ಗಾಳಿ ತುಂಬಿದ ಟೈರಿಗೇ ಹೋಯಿತು. ಐದನೆಯ ಚಕ್ರ ಹೆಸರಿಗೆ ತಕ್ಕ ಹಾಗೆ ನಿಜವಾದ ಚಕ್ರವೇ ಆಗಿದ್ದದ್ದು ಅಲ್ಲೊಂದು ಸಲ.

ಈಗಿನ ಏರ್ಪಾಡು ಇನ್ನೂ ಸರಳ. ಪಿಕಪ್ಪಿನ ಹಿಂದಿನ ತೊಟ್ಟಿಯ ನಡುವೆ, ಹಿಂದಿನ ಅಚ್ಚಿನ ನೇರಕ್ಕೆ, ಉಕ್ಕಿನ ಪೀಠ. ಪೀಠಕ್ಕೊಂದು ಸೀಳು, ಸೀಳಿನ ಒಳಗೆ ದವಡೆ. ಟ್ರೇಲರಿನ ಮೂತಿಯಿಂದ ಕೆಳಗೆ ಇಳಿಬಿದ್ದ ಎರಡು ಇಂಚು ದಪ್ಪದ ಕೀಲಿಗೆ ಕಿಂಗ್‌ಪಿನ್ ಎಂದು ಹೆಸರು. ಪಿಕಪ್ಪನ್ನು ಹಿಂದಕ್ಕೆ ತರುತ್ತಿದ್ದಂತೆ ಕೀಲು ಸೀಳಿನಲ್ಲಿ ಜಾರಿ ದವಡೆಗೆ ಬೀಳುತ್ತದೆ. ಆಗ 'ಖಟಾರ್' ಎಂದು ಒಂದು ಸದ್ದು. ಆ ಸದ್ದನ್ನು ಕೇಳಲೆಂದೇ ಭಾವ ಕಿಟಕಿ ಇಳಿಸಿ, ರೇಡಿಯೋ ಆರಿಸಿ, ಉಸಿರು ಬಿಗಿಹಿಡಿದು ಕೂರುತ್ತಾರೆ. ಕಬ್ಬಿಣದ ಪೆಟ್ಟಿಗೆಗೆ ಬೀಗ ಬಿದ್ದಂಥ, ಅನುಮಾನಕ್ಕೆ ಎಡೆಯಿಲ್ಲದ ಸದ್ದು. ಆಮೇಲೂ ನಂಬುವುದಿಲ್ಲ. ಇಳಿದು ಬಂದು, ಟಾರ್ಚ್ ಹಾಕಿ ದವಡೆ ಕಚ್ಚಿದೆಯೇ ಎಂದು ನೋಡುತ್ತಾರೆ. ಮತ್ತೆ ಹತ್ತಿ, ಟ್ರೇಲರಿನ ಬ್ರೇಕು ಹಿಡಿಸಿಕೊಂಡು, ಪಿಕಪ್ಪನ್ನು ಮುಂದಕ್ಕೆ ಒಂದು ಸಲ ಜಗ್ಗುತ್ತಾರೆ. ಕದಲದಿದ್ದರೆ ಕೂಡಿತು ಅಂತ ಲೆಕ್ಕ.

ಮಾಮೂಲಿ ಟ್ರೇಲರು ಪಿಕಪ್ಪಿನ ಬಾಲದ ತುದಿಗೆ, ಹಿಂದಿನ ಗಾಲಿಯಿಂದ ನಾಲ್ಕೈದು ಅಡಿ ಆಚೆ ಕೂಡಿಕೊಳ್ಳುತ್ತದೆ. ಪಕ್ಕದಲ್ಲಿ ದೊಡ್ಡ ಲಾರಿ ಹಾದು ಗಾಳಿ ಬಡಿದರೆ ಟ್ರೇಲರು ತೊನೆಯುತ್ತದೆ, ತೊನೆದದ್ದು ಆ ನಾಲ್ಕಡಿಯ ಸನ್ನೆಕೋಲಿನಿಂದ ಪಿಕಪ್ಪಿನ ಬಾಲವನ್ನೂ ಅಲ್ಲಾಡಿಸುತ್ತದೆ. ಫಿಫ್ತ್ ವೀಲಿನ ಕೀಲು ಅಚ್ಚಿನ ನೆತ್ತಿಯ ಮೇಲೇ ಇರುವುದರಿಂದ ಸನ್ನೆಕೋಲೇ ಇಲ್ಲ. ಬಾಲಕ್ಕೆ ಕಟ್ಟಿದ್ದಕ್ಕೂ ಹೆಗಲಿಗೆ ಕಟ್ಟಿದ್ದಕ್ಕೂ ಇರುವ ವ್ಯತ್ಯಾಸ ಅದು.

ಹೆಗಲು ಎಂದ ಕೂಡಲೇ ನನಗೆ ವಿಷಯ ಅರ್ಥವಾಗಿಬಿಟ್ಟಿತು. ಚನ್ನರಾಯಪಟ್ಟಣದ ಕಡೆಯ ನಮ್ಮೂರಿನಲ್ಲಿ ಅಪ್ಪ ಗಾಡಿಗೆ ಮೂಟೆ ಹೇರಿಸಿದ ಮೇಲೆ ಎತ್ತು ಕಟ್ಟುವ ಮೊದಲು ಮೂಕಿಯ ತುದಿಗೆ ಬಂದು ಅಂಗೈ ಕೊಟ್ಟು ಒಂದು ಸಲ ಎತ್ತಿ ನೋಡುತ್ತಿದ್ದರು. ಹಗುರವಾಗಿ ಮೇಲೆದ್ದರೆ ಹಿಂಭಾರ: ಏರಿನಲ್ಲಿ ನೊಗ ಮೇಲಕ್ಕೆದ್ದು ಎತ್ತಿನ ಕೊರಳು ಬಿಗಿಯುತ್ತದೆ. ಕೈಗೆ ಏಳದೆ ಕೂತರೆ ಮುಂಭಾರ: ಇಳಿಜಾರಿನಲ್ಲಿ ಎತ್ತಿನ ಹೆಗಲು ಹುಣ್ಣಾಗುತ್ತದೆ. ಏಳಲೂಬೇಕು, ತುಸು ಪ್ರಯಾಸವೂ ಆಗಬೇಕು. "ಎರಡು ಮೂಟೆ ಹಿಂದಕ್ಕೆ ಹಾಕು" ಅನ್ನುವರು, ಇಲ್ಲವೆ "ಒಂದು ಮುಂದಕ್ಕೆ ತಾ". ಗಾಡಿಯ ಒಟ್ಟು ಭಾರ ಎಷ್ಟೆಂದು ಯಾರೂ ಕೇಳುತ್ತಿರಲಿಲ್ಲ. ಎತ್ತಿನ ಹೆಗಲಿಗೆ ಬರುವ ಪಾಲಿನದೇ ಮಾತು.

ಫಿಫ್ತ್ ವೀಲಿನಲ್ಲೂ ಆ ಪಾಲೇ ಎಲ್ಲ. ಬಾಲಕ್ಕೆ ಕಟ್ಟುವ ಟ್ರೇಲರು ತನ್ನ ತೂಕದ ನೂರಕ್ಕೆ ಹತ್ತರಿಂದ ಹದಿನೈದು ಪಾಲನ್ನು ಎಳೆಯುವ ಗಾಡಿಯ ಮೇಲೆ ಹಾಕಿದರೆ, ಫಿಫ್ತ್ ವೀಲು ಸಾಮಾನ್ಯವಾಗಿ ಇಪ್ಪತ್ತರಿಂದ ಇಪ್ಪತ್ತೈದು ಪಾಲು ಹಾಕುತ್ತದೆ. ಅಕ್ಕನ ಮನೆ ಸಾಮಾನು ಸಮೇತ 13,000 ಪೌಂಡ್, ಅಂದರೆ ಆರು ಟನ್ನಿಗೆ ಸ್ವಲ್ಪ ಕಡಿಮೆ. ನೂರಕ್ಕೆ ಇಪ್ಪತ್ತೆರಡರ ಲೆಕ್ಕದಲ್ಲಿ ಹೆಗಲಿಗೆ 2,860 ಪೌಂಡ್. ಉಕ್ಕಿನ ಪೀಠವೇ 180. ಅಕ್ಕ, ಭಾವ, ಹಿಂದಿನ ಸೀಟಿನ ಚೀಲಗಳು ಸೇರಿ ಇನ್ನೊಂದು 400. ಇಷ್ಟನ್ನು ಹೊರಬಲ್ಲ ಗಾಡಿ ಯಾವುದು? ಜಾಹೀರಾತು ಎಳೆಯುವುದನ್ನು ಆಳೆತ್ತರದ ಅಕ್ಷರದಲ್ಲಿ ಹೇಳುತ್ತದೆ. ಹೊರುವುದನ್ನು ಹೇಳುವುದು ಬಾಗಿಲ ಚೌಕಟ್ಟಿನ ಆ ಚೀಟಿ ಮಾತ್ರ. ಅದೂ ಆ ಒಂದು ಗಾಡಿಗೇ ಬರೆದ ಜಾತಕ. ಪಕ್ಕದಲ್ಲಿ ನಿಂತ ಅದೇ ಬಣ್ಣದ, ಅದೇ ಹೆಸರಿನ ಗಾಡಿಯ ಜಾತಕ ಬೇರೆ.

ಪಿಕಪ್ಪುಗಳನ್ನು ಅರ್ಧ ಟನ್ನಿನದು, ಮುಕ್ಕಾಲು ಟನ್ನಿನದು, ಒಂದು ಟನ್ನಿನದು ಎಂದು ಕರೆಯುತ್ತಾರೆ. ಹಿಂದೊಮ್ಮೆ ಅವು ಅಷ್ಟೇ ಹೊರುತ್ತಿದ್ದವು, ಈಗ ಹೆಸರಷ್ಟೇ. ಮೊದಲ ದಿನ ನೋಡಿದ ಅರ್ಧ ಟನ್ನಿನದು ಹೊಳಪಿನ ನೀಲಿ ಬಣ್ಣದ್ದು. 12,000 ಪೌಂಡಿಗೂ ಮೇಲೆ ಎಳೆಯುತ್ತದೆಂದು ಹೊಗಳಿಕೆ. ಚೀಟಿ ನೋಡಿದರೆ ಹೊರುವುದು 1,642. ನಮಗೆ ಬೇಕಾದ್ದರ ಅರ್ಧ ಕೂಡ ಆಗಲಿಲ್ಲ. "ಎತ್ತು ಚೆನ್ನಾಗಿದೆ, ಹೆಗಲಿಲ್ಲ" ಅಂದೆ. ಭಾವ ನಕ್ಕು, "ಈಗ ದಾರಿಗೆ ಬಂದೆ ನೋಡಯ್ಯ" ಅಂದರು.

ಮುಕ್ಕಾಲು ಟನ್ನಿನದರಲ್ಲಿ ನನಗೆ ತುಂಬ ಹಿಡಿಸಿದ ಒಂದು ವಿರೋಧಾಭಾಸ ಸಿಕ್ಕಿತು. ಆ ವರ್ಗದ ಅನೇಕ ಗಾಡಿಗಳ ಒಟ್ಟು ತೂಕಕ್ಕೆ, ಅಂದರೆ ಗಾಡಿ ಮತ್ತು ಹೊರೆ ಸೇರಿ, ತಯಾರಕರು 10,000 ಪೌಂಡಿನ ಗೆರೆ ಎಳೆದಿರುತ್ತಾರೆ. ಹೆಚ್ಚು ಬಲ ಬೇಕೆಂದು ಡೀಸೆಲ್ ಎಂಜಿನ್ ಕೇಳಿದರೆ ಆ ಎಂಜಿನ್ನೇ ಪೆಟ್ರೋಲಿನದಕ್ಕಿಂತ ನೂರಾರು ಪೌಂಡ್ ಭಾರ. ಅದರ ಭಾರವೂ ಅದೇ ಹತ್ತು ಸಾವಿರದೊಳಗೆ ಬರಬೇಕು. ಹೀಗೆ ಎಳೆಯುವ ಬಲ ಏರಿದಷ್ಟೂ ಹೊರುವ ಪಾಲು ಇಳಿಯುತ್ತದೆ. ಅಕ್ಕಪಕ್ಕ ನಿಂತಿದ್ದ ಎರಡರಲ್ಲಿ ಪೆಟ್ರೋಲಿನದು 3,100 ಹೊರುತ್ತಿತ್ತು, ಅದಕ್ಕಿಂತ ಎಷ್ಟೋ ದುಬಾರಿಯಾದ ಡೀಸೆಲ್ಲು 2,114. ಬಲ ಬಂದಷ್ಟೂ ತನ್ನನ್ನು ತಾನೇ ಹೊರುವುದರಲ್ಲಿ ಸವೆಯುವ ದೊಡ್ಡ ಮನುಷ್ಯರನ್ನು ನಾನೂ ಕಂಡಿದ್ದೇನೆ.

ಹಾಗೆ ಬಂದು ನಿಂತದ್ದು ಒಂದು ಟನ್ನಿನದರ ಮುಂದೆ. ಇದರಲ್ಲಿ ಎರಡು ಬಗೆ. ಹಿಂದೆ ಎಡಕ್ಕೊಂದು ಬಲಕ್ಕೊಂದು ಗಾಲಿ ಇರುವುದು. ಎಡಕ್ಕೆರಡು ಬಲಕ್ಕೆರಡು ಇರುವುದು. ಎರಡನೆಯದಕ್ಕೆ ಪ್ರೀತಿಯಿಂದ 'ಡೂವಲಿ' ಅನ್ನುತ್ತಾರೆ. ಗಾಲಿಗಳನ್ನು ಮುಚ್ಚಲು ತೊಟ್ಟಿಯ ಇಕ್ಕೆಲದಲ್ಲಿ ಉಬ್ಬಿಬಂದ ಲೋಹದ ಆ ತೊಡೆಗಳನ್ನು ಹಿಂದಿನಿಂದ ನೋಡಬೇಕು. ಜಾತ್ರೆಯಲ್ಲಿ ಹಳ್ಳಿಕಾರ್ ಹೋರಿಯನ್ನು ಹಿಂದಿನಿಂದ ನೋಡುತ್ತ ನಿಂತುಬಿಡುವ ರೈತನ ಹಾಗೆ ನಾನು ನಿಂತುಬಿಟ್ಟೆ. ಐದು ಸಾವಿರ ಪೌಂಡಿಗೂ ಮೇಲೆ ಹೊರುತ್ತದೆ, ಒಂದು ಟೈರು ಸಿಡಿದರೂ ಜತೆಯದು ಹಿಡಿದುಕೊಳ್ಳುತ್ತದೆ, ಕಾಲು ಅಗಲಿಸಿ ನಿಂತದ್ದಕ್ಕೆ ಅಡ್ಡಗಾಳಿಗೂ ಜಗ್ಗುವುದಿಲ್ಲ. ಆದರೆ ಅಂಗಡಿಯ ಪಾರ್ಕಿಂಗಿನಲ್ಲಿ ಎರಡು ಗೆರೆಯೊಳಗೆ ಕೂರುವುದಿಲ್ಲ. ಟೈರು ಬದಲಿಸುವಾಗ ಆರಕ್ಕೆ ದುಡ್ಡು ತೆರಬೇಕು. ಅಕ್ಕ ಒಂದೇ ಮಾತಿನಲ್ಲಿ ಇತ್ಯರ್ಥ ಮಾಡಿದಳು: "ಇದನ್ನ ತರೋದಾದ್ರೆ ತರಕಾರಿ ನೀವೇ ತನ್ನಿ." ಡೂವಲಿ ಅಲ್ಲಿಗೆ ಬಿತ್ತು.

ತೊಟ್ಟಿಯ ಉದ್ದದ ಪ್ರಶ್ನೆಯನ್ನು ಭಾವ ಒಂದು ರಟ್ಟಿನ ತುಂಡು ತಿರುಗಿಸಿ ತೋರಿಸಿ ಬಿಡಿಸಿದರು. ಮನೆಯ ಮೂತಿ ಸುಮಾರು ಎಂಟಡಿ ಅಗಲ. ನೇರ ಹೋಗುವಾಗ ಅದಕ್ಕೂ ಪಿಕಪ್ಪಿನ ಬೆನ್ನ ಗಾಜಿಗೂ ಬೇಕಾದಷ್ಟು ಜಾಗ. ಇಕ್ಕಟ್ಟಿನಲ್ಲಿ ಹಿಂದಕ್ಕೆ ತಿರುಗಿಸಿದಾಗ ಮೂತಿಯ ಒಂದು ಮೂಲೆ ಸುತ್ತಿ ಬಂದು ಗಾಜಿಗೆ ಬಡಿಯುತ್ತದೆ. ಆರೂವರೆ ಅಡಿಯ ಗಿಡ್ಡ ತೊಟ್ಟಿಯವರು ಇದಕ್ಕಾಗಿ ಹಿಂದೆ-ಮುಂದೆ ಸರಿಯುವ ಪೀಠ ಹಾಕಿಸುತ್ತಾರೆ, ಮೂಲೆಗಳನ್ನು ಕೆತ್ತಿ ತೆಗೆದ ಮೂತಿಯ ಮನೆಗಳೂ ಬಂದಿವೆ. ಎಂಟಡಿ ತೊಟ್ಟಿಗೆ ಈ ಉಪಾಯ ಬೇಕಾಗುವುದು ಅಪರೂಪ. 1925ರಲ್ಲಿ ಫೋರ್ಡ್ ಕಂಪನಿ ಮಾಡೆಲ್-ಟಿಯ ಬೆನ್ನಿಗೆ ಮೊದಲ ಸಲ ಕಾರ್ಖಾನೆಯಿಂದಲೇ ತೊಟ್ಟಿ ಕೂರಿಸಿ 281 ಡಾಲರಿಗೆ ಮಾರಿದಾಗ ಹೊಲದ ಸಾಮಾನಿಗೆ ಸಾಕಾದರೆ ಸರಿ ಎಂಬ ಲೆಕ್ಕ. ನೂರು ವರ್ಷದ ಮೇಲೆ ಅದೇ ತೊಟ್ಟಿಯ ಉದ್ದಕ್ಕೆ ಗಂಡಹೆಂಡಿರು ರಟ್ಟು ತಿರುಗಿಸುತ್ತ ಕೂತಿದ್ದರು.

ಎಂಜಿನ್ನಿನ ವಿಷಯಕ್ಕೆ ಬಂದರೆ, ಇಲ್ಲಿ ನಾನು ಕಿವಿಯಿಂದ ಸೋತವನು. ಪಿಕಪ್ ಡೀಸೆಲ್ಲಿನ ಚರಿತ್ರೆಯಲ್ಲಿ ಒಂದು ತಿರುವು 1989ರದ್ದು. ಆ ವರ್ಷದ ಡಾಡ್ಜ್ ಪಿಕಪ್ಪಿಗೆ ಕಮಿನ್ಸ್ ಕಂಪನಿಯ ಆರು ಸಿಲಿಂಡರು ಸಾಲಾಗಿ ನಿಂತ 5.9 ಲೀಟರಿನ ಎಂಜಿನ್ ಕೂರಿಸಿದರು. 160 ಅಶ್ವಶಕ್ತಿ, ಕೇಳಲು ಏನೂ ಅಲ್ಲ. ಟಾರ್ಕ್ ಮಾತ್ರ 400 ಪೌಂಡ್-ಅಡಿ. ಜಾಮಾದ ಬೋಲ್ಟಿಗೆ ಪಾನಾ ಹಾಕಿ ತಿರುಚುವಾಗ ತೋಳು ಕೊಡುವ ಬಲವೇ ಟಾರ್ಕ್. ಓಟಕ್ಕೆ ಬೇಕಾದದ್ದು ಅಶ್ವಶಕ್ತಿ, ನಿಂತ ಭಾರವನ್ನು ಕದಲಿಸಲು ಬೇಕಾದದ್ದು ಇದು. ಅದೇ ಮನೆತನದ ಎಂಜಿನ್ ಮೂವತ್ತು ವರ್ಷದಲ್ಲಿ 1,000 ಮುಟ್ಟಿತು. ಕಮಿನ್ಸಿನ ಊರೂ ಕೊಲಂಬಸ್ಸೇ, ಆದರೆ ಇಂಡಿಯಾನಾದ್ದು. "ನಮ್ಮೂರ ಎಂಜಿನ್ನು" ಎಂದು ಭಾವ ಹೇಳಿಕೊಳ್ಳುವಾಗ ಈ ಸಣ್ಣ ಭೇದವನ್ನು ನುಂಗಿಬಿಡುತ್ತಾರೆ.

ಈ ಡೀಸೆಲ್ಲುಗಳನ್ನು ಮೆಚ್ಚಬೇಕಾದದ್ದು ಏರಿನಲ್ಲಿ ಮಾತ್ರವಲ್ಲ, ಇಳಿಜಾರಿನಲ್ಲೂ. ಒಂದು ಗುಂಡಿ ಒತ್ತಿದರೆ ಎಂಜಿನ್ನಿನ ಉಸಿರನ್ನೇ ಅದುಮಿ ಹಿಡಿದು ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಇದೆ. ಆಗ 'ಊಂ' ಎಂದು ಆಳದಿಂದ ಹೊಮ್ಮುವ ದನಿ, ದೂರದಲ್ಲಿ ಯಾರೋ ತಂಬೂರಿ ಶ್ರುತಿ ಹಿಡಿದಂತೆ. ಕಾಲು ಬ್ರೇಕಿನ ಮೇಲಿಲ್ಲ, ಬ್ರೇಕು ಕಾಯುವುದಿಲ್ಲ, ಹತ್ತು ಟನ್ನು ಸೌಮ್ಯವಾಗಿ ಇಳಿಯುತ್ತದೆ.

ಹಾಗಾದರೆ ಎಳೆಯುವ ಅಂಕಿ ಬರೀ ಬಡಾಯಿಯೇ? ಅಲ್ಲ. ಅದಕ್ಕೂ ಒಂದು ಅಗ್ನಿಪರೀಕ್ಷೆ ಇದೆ. ಅರಿಜೋನಾದಲ್ಲಿ, ಕೊಲರಾಡೊ ನದಿಯ ಡೇವಿಸ್ ಅಣೆಕಟ್ಟಿನ ಬಳಿಯಿಂದ ಮರುಭೂಮಿಯ ಕಣಿವೆ ಹತ್ತುವ ಹನ್ನೊಂದು ಮೈಲಿಗೂ ಹೆಚ್ಚಿನ ಏರುದಾರಿ. 100 ಡಿಗ್ರಿ ಫ್ಯಾರನ್‌ಹೀಟ್ ಸೆಖೆ, ಒಳಗೆ ಏಸಿ ಪೂರ್ತಿ ತಿರುಗುತ್ತಿರಬೇಕು. ಹೇಳಿಕೊಂಡಷ್ಟು ಭಾರವನ್ನು ಕಟ್ಟಿಕೊಂಡು ಗಂಟೆಗೆ 40 ಮೈಲಿಗಿಂತ ಕೆಳಗಿಳಿಯದೆ ಹತ್ತಬೇಕು. ಡೂವಲಿಗೆ ರಿಯಾಯಿತಿ, 35. ಬೇರೆಡೆ ನೂರಕ್ಕೆ ಹನ್ನೆರಡರ ಕಡಿದಾದ ದಿಬ್ಬದಲ್ಲಿ ಐದು ನಿಮಿಷದೊಳಗೆ ಐದು ಸಲ ನಿಂತು ಹೊರಡಬೇಕು, ಹಿಂದಕ್ಕೂ ಹಾಗೆಯೇ. ಈ ನಿಯಮಾವಳಿಯ ಹೆಸರು ಎಸ್‌ಎಇ ಜೆ2807. ಪಂಚಾಂಗದ ಪುಟದಂತೆ ಒಣಗಿದ ಹೆಸರು. ಆದರೆ ಇದು ಬರುವ ಮೊದಲು ಪ್ರತಿ ಕಂಪನಿಯೂ ತನಗೆ ತೋಚಿದ ಅಂಕಿಯನ್ನು ತಾನೇ ಬರೆದುಕೊಳ್ಳುತ್ತಿತ್ತು.

ಕೊನೆಗೆ ಮನೆಗೆ ಬಂದದ್ದು ಒಂದು ಟನ್ನಿನ, ಹಿಂದೆ ಎರಡೇ ಗಾಲಿಯ, ಎಂಟಡಿ ತೊಟ್ಟಿಯ ಡೀಸೆಲ್ಲು. ಹಳೆಯ ತಾಮ್ರದ ಹಂಡೆಯ ಬಣ್ಣ. ಚೀಟಿಯಲ್ಲಿ 4,087 ಪೌಂಡ್. ಅಂದು ಸಂಜೆ ನಾನು ಅಂಗಳದಲ್ಲಿ ಅದರ ಕೆಳಗೆ ಬಗ್ಗಿ ನೋಡಿದೆ. ಹಿಂದಿನ ಅಚ್ಚಿನ ಮೇಲೆ ಕಮಾನ್ ಪಟ್ಟಿಗಳು ಒಂದರ ಮೇಲೊಂದು, ಬಾಳೆಲೆ ಜೋಡಿಸಿಟ್ಟ ಹಾಗೆ. ಎಲ್ಲಕ್ಕೂ ಮೇಲೆ ಏನನ್ನೂ ಮುಟ್ಟದೆ ನಿಂತ ಇನ್ನೊಂದು ಗಿಡ್ಡ ಪಟ್ಟಿ. ಅದು ಖಾಲಿ ಗಾಡಿಗೆ ಸಂಬಂಧವೇ ಇಲ್ಲದ್ದು. ಹೊರೆ ಬಿದ್ದು ಗಾಡಿ ಕುಗ್ಗಿದಾಗ ಮಾತ್ರ ಅದರ ತುದಿಗಳು ಆನಿಕೆಗೆ ತಾಗಿ ಹೆಗಲು ಕೊಡುತ್ತವೆ. ಖಾಲಿ ಇರುವಾಗ ಪಿಕಪ್ಪು ಹಿಂಭಾಗ ಎತ್ತಿಕೊಂಡು, ಮೂಗು ತಗ್ಗಿಸಿ, ಏನೋ ತಪ್ಪು ಮಾಡಿದ ಹಾಗೆ ನಿಂತಿರುತ್ತದೆ. ಹೊರೆ ಬಿದ್ದಾಗಲೇ ಅದು ನೆಟ್ಟಗಾಗುವುದು. ಹೊತ್ತಾಗ ಚೆಂದ ಕಾಣಲೆಂದೇ ಮಾಡಿದ ವಸ್ತುಗಳು ಲೋಕದಲ್ಲಿ ಹೆಚ್ಚಿಲ್ಲ. ಕಾವಡಿಯೊಂದು, ಇದೊಂದು.

ಹೊರಟ ದಿನ ಮೊದಲ ನಿಲುಗಡೆ ಹೆದ್ದಾರಿಯ ಲಾರಿ ತಂಗುದಾಣದ ತೂಕದ ಕಟ್ಟೆ. ಕ್ಯಾಟ್ ಸ್ಕೇಲ್ ಎಂಬ ಹಲಗೆಯ ಈ ಕಟ್ಟೆಗಳು ಅಮೆರಿಕದ ಉದ್ದಗಲಕ್ಕೂ ಇವೆ. ಮುಂದಿನ ಅಚ್ಚು ಒಂದು ಹಾಸಿನ ಮೇಲೆ, ಹಿಂದಿನದು ಇನ್ನೊಂದರ ಮೇಲೆ, ಟ್ರೇಲರಿನ ಗಾಲಿಗಳು ಮೂರನೆಯದರ ಮೇಲೆ. ಚೀಟಿ ಬಂತು: 5,060, 6,920, 9,900. ಮೊತ್ತ 21,880 ಪೌಂಡ್, ಹತ್ತಿರ ಹತ್ತಿರ ಹತ್ತು ಟನ್.

ಭಾವನ ಹುಬ್ಬು ಗಂಟಾಯಿತು. ಹಿಂದಿನ ಅಚ್ಚಿನ ಮಿತಿ 7,000. ದಾಟಿಲ್ಲ, ಆದರೆ ಹೊಸಿಲ ಮೇಲೆ ನಿಂತಿದೆ. ಕಾರಣ ಹುಡುಕಲು ದೂರ ಹೋಗಬೇಕಾಗಲಿಲ್ಲ. ಮನೆಯ ಮೂತಿಯ ಕೆಳಗಿನ ಸಾಮಾನಿನ ಗೂಡು ತೆಗೆದರೆ ಅಲ್ಲಿ ಅಕ್ಕನ ಸಂಸಾರ: ಎರಡು ಮೂಟೆ ಸೋನಾಮಸೂರಿ, ಇಡ್ಲಿ ಹಿಟ್ಟಿಗೆ ಕಲ್ಲಿನ ಗ್ರೈಂಡರ್, ಎರಕದ ಹೆಂಚುಗಳು, ಕುಡಿಯುವ ನೀರಿನ ಬಾಟಲಿಗಳ ಕಟ್ಟು. ಪಕ್ಕದಲ್ಲಿ ಭಾವನ ಉಪಕರಣದ ಪೆಟ್ಟಿಗೆ. ಎಲ್ಲ ಸೇರಿ ಇನ್ನೂರೈವತ್ತು ಪೌಂಡಿಗೆ ಮೇಲಾಯಿತು.

"ಗ್ರೈಂಡರ್ ಇಲ್ಲೇ ಬಿಟ್ಟು ಹೋಗೋದಾದ್ರೆ ನನ್ನನ್ನೂ ಇಲ್ಲೇ ಬಿಟ್ಟು ಹೋಗಿ" ಅಂದಳು ಅಕ್ಕ.

"ಬಿಡೋದು ಬೇಡ ಭಾವ," ಅಂದೆ ನಾನು. "ಎರಡು ಮೂಟೆ ಹಿಂದಕ್ಕೆ ಹಾಕೋಣ."

ಅಕ್ಕ ತಟ್ಟನೆ ನನ್ನ ಮುಖ ನೋಡಿದಳು.

ಎಲ್ಲವನ್ನೂ ಹಿಂದಿನ ಅಡುಗೆಮನೆಗೆ, ಟ್ರೇಲರಿನ ಗಾಲಿಗಳಿಂದ ಆಚೆಗೆ ಹೊತ್ತೆವು. ಮತ್ತೆ ಕಟ್ಟೆ ಹತ್ತಿಸಿ ಎರಡನೆಯ ಚೀಟಿ ತೆಗೆದದ್ದಾಯಿತು: 5,060, 6,640, 10,180. ಮೊತ್ತ ಅದೇ 21,880. ಒಂದು ಅಕ್ಕಿ ಕಾಳೂ ಇಳಿಸಿರಲಿಲ್ಲ. ಹೆಗಲಿನಿಂದ ಮಾತ್ರ 280 ಪೌಂಡ್ ಇಳಿದಿತ್ತು. ದೂರ ನಿಂತು ನೋಡಿದೆ. ತಾಮ್ರದ ಬಣ್ಣದ ಪಿಕಪ್ಪು ಮೂಗಿನಿಂದ ಬಾಲದವರೆಗೆ ಮಟ್ಟಸವಾಗಿ ನಿಂತಿತ್ತು. ಗಿಡ್ಡ ಪಟ್ಟಿ ಆನಿಕೆಗೆ ತಾಗಿತ್ತು.

ಭಾವ ಎರಡೂ ಚೀಟಿಗಳನ್ನು ಅಕ್ಕನ ಕೈಗೆ ಕೊಟ್ಟರು. ಅವಳು ಒಂದರ ಮೇಲೊಂದು ಇಟ್ಟು ನೋಡಿ, "ಇಷ್ಟಕ್ಕೆ ಒಂದು ಗಂಟೆಯಾ? ಅಪ್ಪ ಆಗಿದ್ದರೆ ಮೂಕಿ ಎತ್ತಿ ನೋಡಿ ಹೇಳಿಬಿಡೋರು" ಅಂದಳು.

"ಈ ಮೂಕಿ ಮಾವನ ಕೈಗೂ ಏಳ್ತಿರಲಿಲ್ಲ ಬಿಡು," ಅಂದರು ಭಾವ ಕೀಲಿ ತಿರುಗಿಸುತ್ತ.

"ಏಳ್ತಿರಲಿಲ್ಲ," ಅಂದಳು ಅಕ್ಕ. "ಅದಕ್ಕೇ ಎರಡು ಮೂಟೆ ಹಿಂದಕ್ಕೆ ಹಾಕು ಅಂತಿದ್ದರು."